ಅಜ್ಜಿ ನೋಡಿದ ಗುಳ್ಳೆ

ಶಿಶುವಿಹಾರದಲ್ಲಿ ಮೂವತ್ತು ವರ್ಷ ಆಯಾ ಆಗಿದ್ದ ಅಜ್ಜಿ ಮಕ್ಕಳ ಮೈಮೇಲಿನ ಗುಳ್ಳೆಗಳ ವಿಷಯದಲ್ಲಿ ಡಾಕ್ಟರ ಮಾತನ್ನೂ ಕೇಳುವವಳಲ್ಲ. ಮೊಮ್ಮಗಳು ಗುಬ್ಬಚ್ಚಿಯ ಎರಡೂ ಕಿಡ್ನಿಗಳು ಕೈಕೊಟ್ಟು, ವಾರಕ್ಕೆ ಮೂರು ದಿನ ಡಯಾಲಿಸಿಸ್ ನಡೆದಿತ್ತು. ಅಪ್ಪನ ಕಿಡ್ನಿ ಹಾಕುವ ದಿನವೂ ಗೊತ್ತಾಗಿತ್ತು. ಆಗ ನರ್ಸ್ ಕೇಳಿದಳು: "ಮಗೂಗೆ ಚಿಕನ್‌ಪಾಕ್ಸ್ ಆಗಿದ್ಯಾ?"

"ವರ್ಷದ ಕೂಸಿದ್ದಾಗಲೇ ಆಗಿದೆ. ನಾನೇ ಆರೈಕೆ ಮಾಡಿದೀನಿ. ಬರ್ಕೋ!" ಎಂದಳು ಅಜ್ಜಿ.

ನರ್ಸ್ ಬರೆದುಕೊಳ್ಳಲಿಲ್ಲ. ರಕ್ತ ಪರೀಕ್ಷೆಗೆ ಕಳಿಸಿದಳು. ಆ ರೋಗವನ್ನು ತಡೆಯುವ ಶಕ್ತಿ ಮಗುವಿನ ಮೈಯಲ್ಲಿ ಎಳ್ಳಷ್ಟೂ ಇಲ್ಲವೆಂದು ವರದಿ ಬಂತು.

"ಆಗ ಬಂದಿದ್ದು ಬೆವರುಗುಳ್ಳೆ ಇರ್ಬೇಕು ಅಜ್ಜಿ," ಎಂದಳು ನರ್ಸ್. "ಹೊಸ ಕಿಡ್ನಿ ಉಳಿಸ್ಕೊಳ್ಳೋ ಮಾತ್ರೆ ರೋಗ ತಡೆಯೋ ಶಕ್ತಿನ ತಗ್ಗಿಸುತ್ತೆ. ಆಗ ಚಿಕನ್‌ಪಾಕ್ಸ್ ಬಂದ್ರೆ ಜೀವಕ್ಕೇ ಕುತ್ತು, ಅದನ್ನ ತಡೆಯೋ ಲಸಿಕೆನೂ ಆಪರೇಷನ್ ಆದ್ಮೇಲೆ ಹಾಕೋ ಹಾಗಿಲ್ಲ. ಎರಡು ಡೋಸ್ ಈಗಲೇ ಆಗ್ಬೇಕು. ಆಪರೇಷನ್ ನಾಲ್ಕು ತಿಂಗಳು ಮುಂದಕ್ಕೆ."

ಅಜ್ಜಿಯ ಮುಖ ಸಣ್ಣದಾಯಿತು. ತನ್ನ ಜಂಬ ಕೂಸನ್ನೇ ನುಂಗುತ್ತಿತ್ತಲ್ಲ ಎಂದು ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಳು. ನಾಲ್ಕು ತಿಂಗಳೂ ಡಯಾಲಿಸಿಸ್ ಮಂಚದ ಪಕ್ಕ ಕೂತು, ಹೆಚ್ಚು ನೀರು ಕುಡಿಯುವಂತಿಲ್ಲದೆ ಗೋಗರೆಯುವ ಗುಬ್ಬಚ್ಚಿಗೆ ಅಳತೆಯ ಗುಟುಕು ಕೊಟ್ಟಳು.

ಎರಡು ಡೋಸ್ ಆದಮೇಲಿನ ಪರೀಕ್ಷೆಯಲ್ಲಿ ಗುಬ್ಬಚ್ಚಿ ಪಾಸಾದಳು. ಅಪ್ಪನ ಕಿಡ್ನಿ ಮಗಳ ಹೊಟ್ಟೆ ಸೇರಿತು. ಅದರಿಂದ ಮೊದಲ ಉಚ್ಚೆ ಇಳಿದಾಗ ವಾರ್ಡಿಗೆ ವಾರ್ಡೇ ಚಪ್ಪಾಳೆ ತಟ್ಟಿತು.

ಮರುವರ್ಷ ಶಾಲೆಯಲ್ಲಿ ಅವಳ ಬೆಂಚಿನ ಗೆಳತಿಗೇ ಚಿಕನ್‌ಪಾಕ್ಸ್ ಬಂತು. ಆಸ್ಪತ್ರೆಯವರು ಮತ್ತೆ ರಕ್ತ ನೋಡಿ, "ಶಕ್ತಿ ಇದೆ, ಆದ್ರೂ ಮೂರು ವಾರ ಕಣ್ಣಿಡಿ," ಎಂದರು. ಅಜ್ಜಿ ದಿನಾ ಬೆಳಗ್ಗೆ ಕನ್ನಡಕ ಏರಿಸಿ ಮೊಮ್ಮಗಳ ಮೈಯನ್ನು ಅಂಗುಲ ಅಂಗುಲ ಹುಡುಕಿದಳು. ಮೂರನೆಯ ವಾರದ ಕೊನೆಯ ದಿನ ಹೆಗಲ ಮೇಲೊಂದು ಕೆಂಪು ಗುಳ್ಳೆ!

"ಸೊಳ್ಳೆ ಕಚ್ಚಿದ್ದು, ಅಜ್ಜಿ," ಎಂದಳು ಗುಬ್ಬಚ್ಚಿ.

ಅಜ್ಜಿಗೂ ಹಾಗೇ ಕಂಡಿತ್ತು. ಆದರೆ ಒಮ್ಮೆ ಎಡವಿದವಳು ತನ್ನ ಕಣ್ಣನ್ನು ನಂಬಿಯಾಳೇ? ಮೊಮ್ಮಗಳನ್ನು ಆಟೊ ಹತ್ತಿಸಿ ಆಸ್ಪತ್ರೆಗೆ ಓಡಿದಳು.

ನರ್ಸ್ ದೀಪ ಹಿಡಿದು ನೋಡಿದಳು, ಡಾಕ್ಟರಿಗೂ ತೋರಿಸಿದಳು. ಆಮೇಲೆ ನಕ್ಕಳು. "ಸೊಳ್ಳೆನೇ!"

ಅಜ್ಜಿ ಗುಬ್ಬಚ್ಚಿಯನ್ನು ಬಾಚಿ ತಬ್ಬಿಕೊಂಡಳು. ಕಣ್ಣೀರು ಕೆನ್ನೆಗಿಳಿಯುತ್ತಿದ್ದರೂ ದನಿ ಮಾತ್ರ ಶಿಶುವಿಹಾರದ್ದೇ: "ಮೂರು ವಾರ ಆಯ್ತು, ನನ್ನ ಕೂಸಿಗೆ ಏನೂ ಆಗಿಲ್ಲ. ಬರ್ಕೋ!"

ಈ ಸಲ ನರ್ಸ್ ಬರೆದುಕೊಂಡಳು.