ಮೀನಖಂಡ

ಔಡಲೆಣ್ಣೆ ಕಾಯುವ ವಾಸನೆ, ಒಲೆಯ ಕಡೆಯಿಂದ ಬಂದು ದುರುಗವ್ವನ ಮೂಗಿಗೆ ಅಡರಿತು, ಅವ್ವ ಎಣ್ಣೆ ಕಾಯಿಸುತ್ತಿದ್ದಾಳೆ, ಯಾರಿಗೆ, ಮತ್ತಾರಿಗೆ, ಈ ಕಾಲಿಗೇ — ನಿನ್ನೆಯಿಂದ ಊದಿಕೊಂಡು ಬಿಸಿಬಿಸಿಯಾಗಿ ಕೆಂಪಗಾಗಿರುವ ಈ ಎಡಗಾಲಿನ ಮೀನಖಂಡಕ್ಕೆ. ಹೊರಸಿನ ಕೆಳಗೆ ಕೆಂಡದ ಅಗ್ಗಿಷ್ಟಿಗೆ, ಹೊಟ್ಟೆಗೆ ಬಿಗಿದು ಕಟ್ಟಿದ ಹಳೆಯ ಸೀರೆ, ಬಾಣಂತಿಯ ಹಾಗೆ ಮಲಗಿಸಿದ್ದಾರೆ, ಹಡೆದದ್ದೇನು ಮಣ್ಣು, ಕ್ಯಾನ್ಸರು ಹಿಡಿದ ಗರ್ಭಚೀಲವನ್ನೇ ಹುಬ್ಬಳ್ಳಿಯಲ್ಲಿ ಕೊಯ್ದು ತೆಗೆದರು, ಆದರೆ ಅವ್ವನ ಲೆಕ್ಕದಲ್ಲಿ ಹೊಟ್ಟೆ ಬರಿದಾದವಳು ಬಾಣಂತಿಯೇ, ಏಳಬಾರದು, ಕೂರಬಾರದು, ಹಸೀ ಮೈ ನನ್ನ ಯವ್ವಾ, ನೀರು ಭಾಳ ಕುಡದರ ನಂಜಾಗತೈತಿ, ನಾಲಿಗೆ ಅಂಗುಳಕ್ಕೆ ಅಂಟಿದೆ, ಒಂದು ಚರಿಗೆ ನೀರು ಕೊಡುವವರಿಲ್ಲ.

ಅವನಾದರೆ ಕುಡಿಸುತ್ತಿದ್ದ, ಗಂಡ ಗಾದಿಲಿಂಗಪ್ಪ, ರಾಕ್ಷಸ, ಇರಕಲ್ಲಗಡದ ಮನೆಯಲ್ಲಿ ಬೆಳಗಾದರೆ ತೋಳಿಗೆ ಕೈ ಹಾಕಿ ಎಬ್ಬಿಸುತ್ತಿದ್ದ, ಏಳ ದುರಗೀ, ನಡಿ, ಡಾಕ್ಟರಬಾಯಿ ಹೇಳ್ಯಾಳ, ಮಲಕೊಂಡ ಇದ್ದರ ಕಾಲಾಗಿನ ರಗತ ಹೆಪ್ಪುಗಟ್ಟತೈತಂತ, ಆ ಹೆಪ್ಪು ಎದಿಗಿ ಹೋಗಿ ಸಿಕ್ಕೊಂಡರ ಜೀವಾ ಹೋಗತೈತಂತ, ಒಂದ ಕಾಲು ಬಾತರ ತಿಕ್ಕಬಾರದಂತ, ಒತ್ತಬಾರದಂತ, ದವಾಖಾನಿಗಿ ಓಡಿ ಬರಬೇಕಂತ — ಅಂತ, ಅಂತ, ಅಂತ, ಗಿಳಿಪಾಠ. ಅವನ ಬಾಯಿಗೆ ಮಣ್ಣು ಬೀಳಲಿ ಎಂದು ಬೈದದ್ದೇನು, ಅವನ ಕೈ ಕಚ್ಚಿದ್ದೇನು, ಕೈಯಿಂದ ರಕ್ತ ಒಸರಿದರೂ ಬಿಡದೆ ಅಂಗಳದ ತುಂಬ ಎಳೆದಾಡಿದ, ಹೊಟ್ಟೆಯ ಹೊಲಿಗೆಯಲ್ಲಿ ಕುಡುಗೋಲು ಆಡಿಸಿದಂಥ ನೋವು, ಅವಳ ಕಿರುಚಾಟ ಓಣಿಗೆಲ್ಲ ಕೇಳಿತು, ಗಂಗಾವತಿಯ ತವರಿಗೂ ಮುಟ್ಟಿತು. ಅಕ್ಕಿ ಗಿರಣಿಯಲ್ಲಿ ಹಮಾಲಿ ಮಾಡುವ ಅಣ್ಣ ಹಂಪಣ್ಣ ಲಾರಿ ಹತ್ತಿ ಬಂದ, ಬಂದವನೇ ಗುದ್ದಿದ, ಚೀಲ ಎತ್ತುವ ಕೈ, ಗಾದಿಲಿಂಗನ ಹಲ್ಲು ಅಂಗಳದಲ್ಲಿ ಬಿತ್ತು, ಕೆಡವಿ ಎದೆಯ ಮೇಲೆ ಕೂತು ಮತ್ತೆ ಗುದ್ದಿದ, ಹಸೀ ಮೈಯಾಕೀನ್ನ ಎಳದಾಡ್ತೀಯೇನಲೇ ಹಲ್ಕಟ್, ಮತ್ತು ಅವಳು, ಬಾಗಿಲಿಗೆ ಆತು ನಿಂತವಳು, ಇನ್ನೊಂದು ಹಾಕ ಯಣ್ಣಾ ಅಂದಳು. ಅಂದದ್ದು ಹೌದು. ಖುಷಿಯಾಗಿತ್ತು, ಹೊಟ್ಟೆ ತಣ್ಣಗಾಗಿತ್ತು. ತವರಿಗೆ ಒಯ್ಯಲು ಲಾರಿಯಲ್ಲಿ ಅವಳನ್ನು ಮಲಗಿಸುವಾಗಲೂ ಅವನು ಬಾಯಿ ತುಂಬ ರಕ್ತ ಇಟ್ಟುಕೊಂಡು ಕೂಗುತ್ತಿದ್ದ, ಕೈ ಮುಗೀತೇನಿ, ಆಕೀನ್ನ ನಡಸ್ರಿ, ನಡಸ್ರಿ.

ಗಿರಣಿಯ ಭೋಂಗಾ ಕೂಗಿತು, ಅಣ್ಣ ಊಟಕ್ಕೆ ಬರುವ ಹೊತ್ತು, ಕಾಲು ಬೇಯುತ್ತಿದೆ, ಒಂದೇ ಕಾಲು, ಒಂದ ಕಾಲು ಬಾತರ — ಹಾಗಾದರೆ ಅವನು ಹೇಳಿದ್ದು ಖರೆಯೇ, ಖರೆಯಾದರೆ ಆ ಹೊಡೆತ ಯಾವ ತಪ್ಪಿಗೆ, ನಿನ್ನೆಯೇ ಹೇಳಬೇಕಿತ್ತು, ಯಾವ ಮುಖ ಇಟ್ಟುಕೊಂಡು ಹೇಳುವುದು, ಇನ್ನೊಂದು ಹಾಕು ಅಂದ ಬಾಯಿ ಇದೇ. ಹಂಪಣ್ಣ ಬಟ್ಟಲು ಹಿಡಿದು ಬಂದು ಕಾಲ ಬಳಿ ಕೂತ, ಅವನ ಕಣ್ಣಲ್ಲಿ ನೀರು, ಆ ಪಾಪಿ ನಡಸಿ ನಡಸಿ ನರಾ ಹಿಡಿಸ್ಯಾನ ತಂಗೀ, ತಿಕ್ಕಿದರ ಸಡಲ ಆಗತೈತಿ, ಬಿಸಿ ಎಣ್ಣೆ ಹರಿಯಿತು, ಹೆಬ್ಬೆರಳು ಊರಿತು, ಬ್ಯಾಡ ಯಣ್ಣಾ, ಒತ್ತಬ್ಯಾಡ, ಅಂವ ಹೇಳಿದ್ದ ಖರೇ ಐತಿ, ನನ್ನ ದವಾಖಾನಿಗಿ ಒಯ್ಯಿ! ಅಂದೇಬಿಟ್ಟಳು, ಮಾನ ಹೋದರೆ ಹೋಗಲಿ. ಅವನ ಹೆಸರ ಎತ್ತಬ್ಯಾಡ ನನ್ನ ಮುಂದ, ಹೆದರಿಸಿ ಹೆದರಿಸಿ ನಿನ್ನ ತಲಿ ಕೆಡಿಸ್ಯಾನ, ಮತ್ತೆ ಹೆಬ್ಬೆರಳು, ಅವಳು ಬಲಗಾಲು ಎತ್ತಿ ಅಣ್ಣನ ಎದೆಗೆ ಒದ್ದಳು, ಬಟ್ಟಲು ಉರುಳಿತು, ಎಣ್ಣೆ ಕೆಂಡಕ್ಕೆ ಬಿದ್ದು ಭಗ್ ಎಂದಿತು, ಅವನಿಗೆ ಸಿಟ್ಟೂ ಬರಲಿಲ್ಲ, ನೋವಿಗೆ ಒದೀತಾಳವ್ವಾ, ಆ ಕಾಲು ಗಟ್ಟಿ ಹಿಡಿ. ಅವ್ವ ಬಲಗಾಲಿನ ಮೇಲೆ ಕೂತಳು, ತಡಕೋ ನನ್ನ ಮಗಳ, ತಡಕೋ ಎಂದು ಅಳುತ್ತ ಕೂತಳು, ಇಬ್ಬರೂ ಅಳುತ್ತಿದ್ದಾರೆ, ಹಿಂಬಡದಿಂದ ಮೇಲಕ್ಕೆ ಎಣ್ಣೆ ಹಚ್ಚಿದ ಎರಡು ಹೆಬ್ಬೆರಳು, ಮಂಡಿಗೆ, ಮಂಡಿಯಿಂದ ಮೇಲಕ್ಕೆ, ಕಾಲಿನೊಳಗೆ ಏನೋ ಕಳಚಿ ಮೇಲಕ್ಕೆ ಜಾರಿತು, ಮತ್ತೆ ಹಿಂಬಡದಿಂದ, ಹೆಬ್ಬೆರಳು, ಎದೆಯಲ್ಲಿ ಉಸಿರು — ಹೆಬ್ಬೆರಳು —