ಟೈಲರಣ್ಣನ ಬಾಟಲಿ ಪಾಸಾಯಿತು

"ಮಾವ, ಇವತ್ತೂ ನೀರು ಸೀಮೆಎಣ್ಣೆ ವಾಸನೆ ಹೊಡೀತಿದೆ," ಎಂದಳು ಸೊಸೆ, ಲೋಟವನ್ನು ಮೂಗಿನಿಂದ ದೂರ ಹಿಡಿದು.

ಟೈಲರಣ್ಣ ಹೊಲಿಗೆ ಮಿಷನ್ನಿನಿಂದ ತಲೆ ಎತ್ತಲಿಲ್ಲ. "ಆರು ತಿಂಗಳ ಬಸುರಿಯ ಮೂಗು ಕಣಮ್ಮ ಅದು. ನಿನಗೆ ಅನ್ನವೂ ವಾಸನೆ, ಸೋಪೂ ವಾಸನೆ. ಮೂವತ್ತು ವರ್ಷದಿಂದ ಈ ಕೈಪಂಪಿನ ನೀರೇ ಕುಡೀತಿದ್ದೀನಿ. ನೋಡು, ಗುಂಡುಕಲ್ಲಿನ ಹಾಗಿದ್ದೀನಿ!"

"ಅತ್ತಿಗೇನ ಒಂದು ಮಾತು ಕೇಳೋಣ್ವಾ?"

ಅತ್ತಿಗೆ ಎಂದರೆ ಟೈಲರಣ್ಣನ ಮಗಳು, ಮದುವೆಯಾಗಿ ಊರಿನ ಆಚೆ ತುದಿಯಲ್ಲಿದ್ದವಳು. ಬೀದಿಯ ಹಿಂದಿನ ಮಿಲಿಟರಿ ಕ್ಯಾಂಪಿನಲ್ಲಿ ಹನ್ನೊಂದು ವರ್ಷದಿಂದ ಕೆಲಸಕ್ಕಿದ್ದಳು. ಏನು ಕೆಲಸ ಎಂಬುದು ಮಾತ್ರ ಅಪ್ಪನಿಗೆ ಇವತ್ತಿನವರೆಗೂ ತಲೆಬುಡ ತಿಳಿದಿರಲಿಲ್ಲ. ಕ್ಯಾಂಪಿನವರಿಗೆಲ್ಲ ಸಮವಸ್ತ್ರ ಹೊಲಿದುಕೊಟ್ಟವನು ಅವನು. ಭುಜದ ಪಟ್ಟಿ ನೋಡಿಯೇ ಯಾರು ಯಾರಿಗೆ ಸೆಲ್ಯೂಟ್ ಹೊಡೆಯಬೇಕು ಎಂದು ಹೇಳಬಲ್ಲ. ಮಗಳಿಗೋ ಸಮವಸ್ತ್ರವೂ ಇಲ್ಲ, ಬಂದೂಕೂ ಇಲ್ಲ. ಬೆಳಿಗ್ಗೆ ಖಾಲಿ ಬಾಟಲಿ ಹೊತ್ತು ಹೋಗುತ್ತಾಳೆ, ಸಂಜೆ ಶೂ ತುಂಬ ಕೆಸರು ಮೆತ್ತಿಕೊಂಡು ಬರುತ್ತಾಳೆ. ಸೈನಿಕರು ಅವಳನ್ನು "ಬಾಟ್ಲಿ ಮೇಡಂ" ಎನ್ನುತ್ತಾರೆ. ಹೋದ ವರ್ಷ ಕೊಳದ ಹಕ್ಕಿಗಳು ಮೊಟ್ಟೆ ಇಟ್ಟಿವೆ ಎಂದು ಅವಳು ಒಂದು ಹಾಳೆ ಬರೆದುಕೊಟ್ಟಳಂತೆ, ಅವರು ಫಿರಂಗಿ ಅಭ್ಯಾಸವನ್ನೇ ಎರಡು ತಿಂಗಳು ಮುಂದೂಡಿದರಂತೆ. ಹಕ್ಕಿಯ ಮೊಟ್ಟೆಗೆ ಫಿರಂಗಿ ಹೆದರುವುದುಂಟೇ? ಟೈಲರಣ್ಣ ಮೂರು ದಿನ ತಲೆ ಕೆರೆದುಕೊಂಡು ಕೈಬಿಟ್ಟಿದ್ದ.

ಆ ವಾರ ಮಗಳೇ ಬಾಟಲಿಗಳ ಪೆಟ್ಟಿಗೆ ಹಿಡಿದು ಬೀದಿಗೆ ಬಂದಳು. ಕ್ಯಾಂಪಿನ ನೆಲದೊಳಗೆ ಎಲ್ಲೋ ಹೂತುಹೋಗಿರುವ ಹಳೆಯ ಡೀಸೆಲ್ ಟ್ಯಾಂಕು ಸೋರುತ್ತಿದೆ ಎಂಬ ಅನುಮಾನ ಅವಳಿಗೆ. ಮನೆಗೊಂದು ಬಾಟಲಿ ಕೊಟ್ಟಳು.

"ನಾಳೆ ಬೆಳಿಗ್ಗೆ ಐದು ನಿಮಿಷ ಪಂಪು ಹೊಡೆದು ನೀರು ಚೆಲ್ಲಿಬಿಡಿ. ಆಮೇಲೆ ಬಾಟಲಿ ಕಂಠಪೂರ್ತಿ ತುಂಬಿ, ಮುಚ್ಚಳ ಬಿಗಿ ಮಾಡಿ. ನಾನೇ ಬಂದು ಒಯ್ತೀನಿ."

"ನಮ್ಮ ನೀರು ಕನ್ನಡಿ ಹಾಗಿದೆಯಲ್ಲೇ!" ಎಂದ ಅಪ್ಪ.

"ಕಣ್ಣಿಗೆ ಕಾಣೋಷ್ಟು ಡೀಸೆಲ್ ಬರೋವರೆಗೂ ಕಾಯೋದಾ ಅಪ್ಪಾ?"

"ಕುದಿಸಿದರೆ ಹೋಗಲ್ವಾ?"

"ಕುದಿಸಿದರೆ ರೋಗಾಣು ಸಾಯುತ್ತೆ. ಡೀಸೆಲ್ ಹೋಗುತ್ತೆ ಅಂತ ನಂಬಿ ಕೂರೋಕಾಗಲ್ಲ."

ಅವಳು ಹೋದಮೇಲೆ ಟೈಲರಣ್ಣನಿಗೆ ಗೊಂದಲವೋ ಗೊಂದಲ. ಪರೀಕ್ಷೆ ಎಂದಮೇಲೆ ಪಾಸು ಇದೆ, ಫೇಲೂ ಇದೆ. ಬಾಟ್ಲಿ ಮೇಡಂ ತವರಿನ ನೀರೇ ಫೇಲಾದರೆ ಕ್ಯಾಂಪಿನಲ್ಲಿ ಅವಳ ಮರ್ಯಾದೆ ಏನಾಗಬೇಕು? ಅಳತೆ ಕೊಡಲು ಬರುವ ಅಧಿಕಾರಿಗಳಿಗೆಂದು ಅಂಗಡಿಯಲ್ಲಿ ಕ್ಯಾನ್ ನೀರು ತರಿಸಿಟ್ಟಿದ್ದ. ಬೆಳಿಗ್ಗೆ ಎದ್ದವನೇ ಬಾಟಲಿಗೆ ಅದನ್ನೇ ತುಂಬಿಟ್ಟ.

ನಾಲ್ಕು ದಿನಕ್ಕೆ ಬೀದಿಯ ಗೋಡೆಗೆ ಪಟ್ಟಿ ಅಂಟಿತು. ಎಂಟು ಮನೆಯ ಮುಂದೆ ಕೆಂಪು ಗುರುತು, ಟೈಲರಣ್ಣನ ಮನೆಯ ಮುಂದೆ ಮಾತ್ರ ಹಸಿರು. ಮೀಸೆ ತಿರುವಿಕೊಂಡು ಮನೆಗೆ ಬಂದರೆ, ಮಗಳು ನಕ್ಷೆ ಹರಡಿಕೊಂಡು ತಲೆ ಮೇಲೆ ಕೈಹೊತ್ತು ಕೂತಿದ್ದಳು.

"ಎಡಗಡೆ ಮನೇಲಿ ಡೀಸೆಲ್, ಬಲಗಡೆ ಮನೇಲೂ ಡೀಸೆಲ್. ಮಧ್ಯೆ ನಮ್ಮದೊಂದೇ ಶುದ್ಧ. ಹೇಗಪ್ಪಾ ಸಾಧ್ಯ? ನಾನೇ ನಕ್ಷೆ ತಪ್ಪು ಬರೆದೆನೋ ಏನೋ. ನಾಳೆ ಬೇರೆ ಜಾಗದಲ್ಲಿ ಅಗೆಸಬೇಕಾಗುತ್ತೆ." ಡೀಸೆಲ್ ಹರಿದು ಬಂದ ದಾರಿಯೆಂದು ಎಳೆದಿದ್ದ ಪೆನ್ಸಿಲ್ಲಿನ ಗೆರೆಯನ್ನು ಅಳಿಸತೊಡಗಿದಳು.

ಒಂದು ಬಾಟಲಿ ನೀರಿಗೂ ನೆಲ ಅಗೆಯುವುದಕ್ಕೂ ಏನು ಸಂಬಂಧ? ಟೈಲರಣ್ಣ ಕಣ್ಣು ಕಣ್ಣು ಬಿಟ್ಟ. ಅಷ್ಟರಲ್ಲಿ ಹೊರಗೆ ಕೊಡಗಳ ಸದ್ದು.

"ಟೈಲರಣ್ಣ, ನಿಮ್ಮದೊಂದೇ ಒಳ್ಳೆ ನೀರಂತೆ! ಕ್ಯಾಂಪಿನವರು ಟ್ಯಾಂಕರ್ ಕಳಿಸೋವರೆಗೂ ಮನೆಗೆ ಎರಡೆರಡು ಕೊಡ ಕೊಡಿ," ಎಂದಳು ಪಕ್ಕದ ಮನೆಯವಳು. ಅವಳ ಕಂಕುಳಲ್ಲಿ ಎಂಟು ತಿಂಗಳ ಕೂಸು. ಅವಳ ಹಿಂದೆ ಇಡೀ ಬೀದಿಯೇ ಸಾಲು ನಿಂತಿತ್ತು.

ಪಂಪಿನ ಹತ್ತಿರ ನಿಂತಿದ್ದ ಸೊಸೆ ನಾಚಿಕೊಂಡು ನಕ್ಕಳು. "ನೀವು ಹೇಳಿದ್ದೇ ನಿಜ ಮಾವ. ನನ್ನ ಮೂಗೇ ಸರಿಯಿಲ್ಲ." ಲೋಟ ತುಂಬಿ ಬಾಯಿಗೆ ಎತ್ತಿದಳು.

"ಕುಡೀಬೇಡ!" ಎಂದು ಟೈಲರಣ್ಣ ಓಡಿಬಂದು ಲೋಟ ಕಿತ್ತುಕೊಂಡ. "ಯಾರೂ ಮುಟ್ಟಬೇಡ್ರಪ್ಪಾ! ನಾನು ತುಂಬಿಕೊಟ್ಟಿದ್ದು ಈ ನೀರಲ್ಲ, ಕ್ಯಾನ್ ನೀರು."

ಸಾಲಿನಲ್ಲಿದ್ದವರು ಒಬ್ಬೊಬ್ಬರಾಗಿ ಕೊಡ ಕೆಳಗಿಟ್ಟರು.

"ಯಾಕಪ್ಪಾ?" ಎಂದಳು ಮಗಳು. ಸಿಟ್ಟಿಗಿಂತ ಅವಳ ದನಿಯಲ್ಲಿ ಗೊಂದಲವೇ ಹೆಚ್ಚಾಗಿತ್ತು.

"ನೀನು ಫೇಲಾಗಬಾರದು ಅಂತ ಕಣಮ್ಮ."

"ಅಳತೆ ಕೊಡೋವಾಗ ಹೊಟ್ಟೆ ಒಳಗೆಳೆದು ನಿಲ್ಲೋ ಗಿರಾಕಿಗೆ ನೀನೇನಂತೀಯ?"

"ಸರಿಯಾಗಿ ನಿಂತ್ಕೊಳ್ಳಯ್ಯಾ, ಅಂಗಿ ನಿನ್ನ ಮೈಗೆ ಆಗಬೇಕೋ ಬೇಡವೋ ಅಂತೀನಿ."

"ನಂದೂ ಅದೇ ಕೆಲಸ ಅಪ್ಪಾ. ಕ್ಯಾಂಪಿನಿಂದ ನೆಲಕ್ಕೆ, ನೀರಿಗೆ, ಹಕ್ಕಿಪಕ್ಷಿಗೆ ಏನಾಗ್ತಿದೆ ಅಂತ ಅಳತೆ ತಗೊಂಡು, ತಪ್ಪಿದ್ದರೆ ಅವರ ಮುಂದೇನೇ ಇಡೋದು. ಅಳತೆ ಸುಳ್ಳಾದರೆ ನಾನೇನು ಹೇಳಲಿ?"

ಹನ್ನೊಂದು ವರ್ಷದಿಂದ ತಿಳಿಯದ್ದು ಟೈಲರಣ್ಣನಿಗೆ ಆಗ ತಿಳಿಯಿತು. ತಿಳಿದದ್ದಕ್ಕೆ ಸಂತೋಷಪಡಬೇಕೋ ನಾಚಿಕೆಪಡಬೇಕೋ ಎಂಬುದು ಮಾತ್ರ ತಿಳಿಯಲಿಲ್ಲ. ತಾನೇ ಐದು ನಿಮಿಷ ಪಂಪು ಹೊಡೆದು, ಬೀದಿಯವರ ಎದುರಿಗೇ ಹೊಸ ಬಾಟಲಿ ತುಂಬಿಕೊಟ್ಟ. ಮತ್ತೆ ನಾಲ್ಕು ದಿನಕ್ಕೆ ಅವನ ಮನೆಯ ಮುಂದೂ ಕೆಂಪು ಗುರುತು ಬಿತ್ತು. ಅಳಿಸಿದ ಗೆರೆ ನಕ್ಷೆಗೆ ಮತ್ತೆ ಬಂತು. ಅದೇ ಗೆರೆ ಹಿಡಿದು ಅಗೆದಾಗ ತುಕ್ಕು ಹಿಡಿದು ತೂತಾದ ಟ್ಯಾಂಕು ಸಿಕ್ಕಿತು. ಕ್ಯಾಂಪಿನಿಂದ ದಿನವೂ ಟ್ಯಾಂಕರ್ ನೀರು ಬರತೊಡಗಿತು.

ಟ್ಯಾಂಕರ್ ಬರುವ ಮೊದಲೇ ಟೈಲರಣ್ಣ ಅಂಗಡಿಯ ಕ್ಯಾನನ್ನು ಎತ್ತಿ ಅಡುಗೆಮನೆಗೆ ತಂದಿಟ್ಟಿದ್ದ. ಅಧಿಕಾರಿಗಳಿಗೆ ಕ್ಯಾನ್ ನೀರು, ಬಸುರಿ ಸೊಸೆಗೆ ಪಂಪಿನ ನೀರು ಕೊಟ್ಟವನು ತಾನು ಎಂದು ನೆನೆದು ಅವನ ಕಣ್ಣು ತುಂಬಿತು. "ನಿನ್ನ ಮೂಗೇ ಸರಿಯಮ್ಮ," ಎಂದ.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಬಾಗಿಲಿಗೂ ನಾಳೆ ಒಂದು ಬಾಟಲಿ ಬರಬಹುದು. ಮನೆಯವರು ದಿನವೂ ಕುಡಿಯುವ ನೀರನ್ನೇ ಅದಕ್ಕೆ ತುಂಬಿಕೊಡಿ. ಬಾಟಲಿ ಬಾರದಿದ್ದರೆ ನೀವೇ ಹತ್ತಿರದ ನೀರು ಪರೀಕ್ಷೆ ಕೇಂದ್ರಕ್ಕೆ ಹೋಗಿ ಕೇಳಿ. ಮನೆಯಲ್ಲಿ ಯಾರಾದರೂ ನೀರು ವಾಸನೆ ಎಂದರೆ, ಅವರ ಮೂಗನ್ನು ಬೈಯುವ ಮೊದಲು ಅವರ ಕೈಯ ಲೋಟವನ್ನು ಇಸಿದುಕೊಳ್ಳಿ.