ಯಾರೂ ಹಾಡದ ಪುಟ

ಮೆಲಿಷಾಳ ಎಡಗೈ ಹೆಬ್ಬೆರಳು ಪಿಯಾನೋದ ಮೂಲೆಯಲ್ಲಿ ಕೀಬೋರ್ಡಿನ ಶ್ರುತಿ ಬದಲಿಸುವ ಬಟನ್ ಹುಡುಕಿತು. ಅಲ್ಲಿ ಬರೀ ಮರ ಇತ್ತು. ಬಲಗೈ ಅಷ್ಟರಲ್ಲಿ ನಾಲ್ಕನೆಯ ಸಾಲಿಗೆ ಹೋಗಿಯಾಗಿತ್ತು. ಬೆರಳುಗಳು ಕಲಿತ ಜಾಗದಲ್ಲೇ ಇಳಿಯುತ್ತಿದ್ದವು, ಕಿವಿಗೆ ಬೀಳುವ ಸ್ವರ ಮಾತ್ರ ಬೇರೆಯದೇ ಆಗಿತ್ತು. ಹುಟ್ಟಿ ಬೆಳೆದ ಮನೆಯ ಮೆಟ್ಟಿಲುಗಳನ್ನೆಲ್ಲ ಯಾರೋ ಒಂದೊಂದು ಬೆರಳಿನಷ್ಟು ಕೆಳಗಿಳಿಸಿಟ್ಟ ಹಾಗೆ ಅವಳು ಹೆಜ್ಜೆ ಹೆಜ್ಜೆಗೂ ಮುಗ್ಗರಿಸುತ್ತಿದ್ದಳು.

"ನಿಲ್ಲಿಸು," ಎಂದರು ಪಾಠ ಹೇಳಿಕೊಡುತ್ತಿದ್ದ ಪ್ರಭಾವತಿ.

ಅವಳು ನಿಲ್ಲಿಸಲಿಲ್ಲ. ಹನ್ನೆರಡನೆಯ ವಯಸ್ಸಿನಿಂದ ಕಾಪುವಿನ ಇಗರ್ಜಿಯಲ್ಲಿ ಚರ್ಚಿನ ಹಾಡುಗಳಿಗೆ ಕೀಬೋರ್ಡ್ ಬಾರಿಸುತ್ತ ಬಂದ ಕೈಗಳಿಗೆ ನಿಲ್ಲಿಸುವುದೇ ಗೊತ್ತಿರಲಿಲ್ಲ. ಪ್ರಭಾವತಿ ಕುರ್ಚಿಯಿಂದ ಎದ್ದು ಬಂದು, ಮಗುವಿನ ಕೈಯಿಂದ ಚಾಕು ತೆಗೆಯುವವರ ಹಾಗೆ ಅವಳ ಎರಡೂ ಮಣಿಕಟ್ಟುಗಳನ್ನು ಮೆಲ್ಲಗೆ ಮೇಲಕ್ಕೆತ್ತಿದರು.

"ಇದು ಕಪ್ಪು ಒಂದರ ಶ್ರುತಿಯಲ್ಲಿ ಬರೆದದ್ದು ಮಾರಾಯ್ತಿ. ನೀನು ಬಿಳಿ ಒಂದರಲ್ಲಿ ಬಾರಿಸುತ್ತಾ ಇದ್ದೀ."

ಮೆಲಿಷಾಳ ಕಿವಿ ಬಿಸಿಯಾಯಿತು. ಅವರ ಇಗರ್ಜಿಯಲ್ಲಿ ಎಲ್ಲರೂ ಕಲಿತದ್ದೇ ಹಾಗೆ. ಗಾಯನ ಮಂಡಳಿಯನ್ನು ನಡೆಸುವ ಪಾಸ್ಕಲ್ ಯಾವ ಹಾಡಾದರೂ ಬಿಳಿ ಒಂದರ ಬೆರಳುಗಳಲ್ಲೇ ಹೇಳಿಕೊಡುತ್ತಿದ್ದರು. ಬೆಳಗಿನ ಪೂಜೆಗೆ ಗಂಟಲುಗಳು ಇನ್ನೂ ಎದ್ದಿರುವುದಿಲ್ಲ, ಬಟನ್ ಒತ್ತಿ ಶ್ರುತಿ ಇಳಿಸು. ಹಬ್ಬದ ದಿನ ಹೆಂಗಸರ ದನಿ ತಾನಾಗಿ ಮೇಲೇರುತ್ತದೆ, ಬಟನ್ ಒತ್ತಿ ಏರಿಸು. ಬೆರಳು ಕೂತಲ್ಲೇ ಕೂತಿರಲಿ, ಶ್ರುತಿ ಬೇಕಾದರೆ ಓಡಾಡಲಿ. ಪರೀಕ್ಷೆಯ ಈ ಪಿಯಾನೋ ತುಣುಕನ್ನೂ ಅವಳು ಹಾಗೆಯೇ ಕಲಿತಿದ್ದಳು. ಮನೆಯ ಕೀಬೋರ್ಡಿನ ಬಟನ್ ಒಂದು ಮೇಲಕ್ಕೆ ಒತ್ತಿ, ಫೋನಿನಲ್ಲಿ ಕೇಳಿ ಕೇಳಿ, ಸಾಲು ಸಾಲಾಗಿ, ಇಡೀ ಮಳೆಗಾಲ. ಕಪ್ಪು ಕೀಗಳನ್ನು ಸೂಚಿಸುವ ಐದು ಫ್ಲ್ಯಾಟ್ ಗುರುತುಗಳಿದ್ದ ಮುದ್ರಿತ ಪ್ರತಿಯನ್ನು ಅನುಮಾನ ಬಂದಾಗ ಮಾತ್ರ ಬಿಡಿಸಿ ನೋಡುತ್ತಿದ್ದಳು. ನಿಜವಾದ ಪಿಯಾನೋ ಸಿಕ್ಕಿದ ಮೇಲೆ ಎಲ್ಲವನ್ನೂ ಒಂದು ಕೀ ಆಚೆ ಸರಿಸಿದರಾಯಿತು, ಎರಡು ದಿನದ ಕೆಲಸ ಎಂದುಕೊಂಡಿದ್ದಳು. ಹಾಡುಗಳನ್ನು ಹಾಗೆ ಸರಿಸಿ ಅಭ್ಯಾಸವಿತ್ತು. ಆದರೆ ಹಾಡಿನಲ್ಲಿ ಇರುವುದು ಮೂರೋ ನಾಲ್ಕೋ ಕಾರ್ಡ್, ಒಟ್ಟಿಗೆ ಒತ್ತುವ ಸ್ವರಗಳ ಗುಂಪು, ಅಷ್ಟೇ. ಇಲ್ಲಿ ಬಲಗೈ ಜೋಡಿ ಸ್ವರಗಳಲ್ಲಿ ಇರುವೆ ಸಾಲಿನಂತೆ ಏರುತ್ತದೆ, ಎಡಗೈ ಅದರ ಕೆಳಗೆ ಅಷ್ಟಗಲಕ್ಕೆ ಜಿಗಿಯುತ್ತದೆ, ಎರಡಕ್ಕೂ ಉಸಿರಾಡಲು ಎಡೆಯಿಲ್ಲ.

ಪ್ರಭಾವತಿ ಮಣಿಪಾಲದಲ್ಲಿ ಮೂವತ್ತು ವರ್ಷ ಅಂಗರಚನಾಶಾಸ್ತ್ರ ಕಲಿಸಿ ನಿವೃತ್ತರಾದವರು. ಓದಲು ಹೊರದೇಶಕ್ಕೆ ಹೋದಾಗ ಪಿಯಾನೋ ಹಚ್ಚಿಕೊಂಡು, ಬರುವಾಗ ಅದನ್ನೂ ಹಡಗಿನಲ್ಲಿ ತರಿಸಿದ್ದರು. ಅವರು ಮೆಲಿಷಾಳ ಬಲಗೈಯನ್ನು ಕಪ್ಪು ಕೀಗಳ ಮೇಲೆ ಇಟ್ಟರು.

"ನೋಡು. ಉದ್ದ ಬೆರಳುಗಳಿಗೆ ಎತ್ತರದ ಜಾಗ, ಹೆಬ್ಬೆರಳಿಗೆ ತಗ್ಗು. ಬರೆದವನು ಕೈ ಹೀಗೆ ಇಟ್ಟುಕೊಂಡೇ ಬರೆದಿದ್ದಾನೆ. ನೀನು ಅದನ್ನು ಚಪ್ಪಟೆ ನೆಲದಲ್ಲಿ ಓಡಿಸಿದ್ದೀ. ಕಷ್ಟಪಟ್ಟಿದ್ದೀ, ಇಲ್ಲ ಅಂತ ಹೇಳುವುದಿಲ್ಲ. ಆದರೆ ಅದು ಉಪಯೋಗಕ್ಕಿಲ್ಲದ ಕಷ್ಟ."

ಪರೀಕ್ಷೆಗೆ ಉಳಿದದ್ದು ಮೂರು ವಾರ. ಚೆನ್ನೈಯ ಸಂಗೀತ ಶಾಲೆಯೊಂದು ಪಿಯಾನೋ ವಿಭಾಗಕ್ಕೆ ವರ್ಷಕ್ಕೆ ಬೆರಳೆಣಿಕೆಯ ಜನರನ್ನು ತೆಗೆದುಕೊಳ್ಳುತ್ತಿತ್ತು. ಕರಾವಳಿಯವರ ಪರೀಕ್ಷೆ ಕಾರ್ಕಳದ ಹೊರಗಿನ ಒಂದು ಸಭಾಂಗಣದಲ್ಲಿ, ಎಲ್ಲರಿಗೂ ಇದೇ ತುಣುಕು. ಸೇರುವವರಿಗೆ ಇಪ್ಪತ್ತಾರು ದಾಟಿರಬಾರದು. ಮೆಲಿಷಾಳಿಗೆ ಡಿಸೆಂಬರಿನಲ್ಲಿ ಇಪ್ಪತ್ತೇಳು ತುಂಬುತ್ತಿತ್ತು. ಈ ಸಲ ತಪ್ಪಿದರೆ ನರ್ಸರಿ ಶಾಲೆಯ ಮಕ್ಕಳಿಗೆ ಚಪ್ಪಾಳೆ ಹಾಡು, ಭಾನುವಾರ ಕೀಬೋರ್ಡ್, ಅಷ್ಟೇ. ಅದು ಕೆಟ್ಟ ಬದುಕೇನೂ ಅಲ್ಲ ಎಂದು ಅವಳ ತಾಯಿ ಝೀಟಾ ಹೇಳುತ್ತಿದ್ದರು. ಕೆಟ್ಟ ಬದುಕಲ್ಲ ಎಂಬುದೇ ಅವಳನ್ನು ಹೆದರಿಸುತ್ತಿದ್ದದ್ದು.

ಮೊದಲಿನಿಂದ ಕಲಿಯುತ್ತೀಯಾ ಬಿಡುತ್ತೀಯಾ ಎಂದು ಪ್ರಭಾವತಿ ಕೇಳಿದರು. ಮೆಲಿಷಾ ಪುಟಗಳನ್ನು ಹಿಂದಕ್ಕೆ ತಿರುವಿ ಮೊದಲನೆಯದಕ್ಕೆ ಬಂದಳು.

ಆಮೇಲೆ ದಿನಗಳು ಬಸ್ಸಿನ ಲೆಕ್ಕದಲ್ಲಿ ಉರುಳಿದವು. ತಾನು ಕಲಿಸುವ ನರ್ಸರಿ ಶಾಲೆ ಬಿಟ್ಟದ್ದೇ ಕಾಪುವಿನಿಂದ ಉಡುಪಿಗೆ, ಉಡುಪಿಯಿಂದ ಮಣಿಪಾಲಕ್ಕೆ. ಬಸ್ಸಿನಲ್ಲಿ ತೊಡೆಯ ಮೇಲೆ ಬೆರಳಾಡಿಸುತ್ತಿದ್ದಳು. ಪಕ್ಕದ ಸೀಟಿನ ಹೆಂಗಸು ಒಮ್ಮೆ ಅವಳ ಕೈ ಹಿಡಿದು, ಎಂತ ಮಗಾ, ಗಾಬರಿಯಾ ಎಂದು ವಿಚಾರಿಸಿ ಪೆಪ್ಪರಮಿಂಟು ಕೊಟ್ಟರು. ಪ್ರಭಾವತಿಯ ಗಂಡ ರಘುಪತಿ ಅವಳು ಗೇಟು ತೆರೆಯುವುದನ್ನು ಕಂಡರೆ ಸಾಕು, ಚಪ್ಪಲಿ ಮೆಟ್ಟಿ ಕಡಿಯಾಳಿಯ ಅಮ್ಮನವರ ದೇವಸ್ಥಾನಕ್ಕೆ ಹೊರಡುತ್ತಿದ್ದರು. ಒಂದೇ ಸಾಲನ್ನು ನಲವತ್ತು ಸಲ ಕೇಳುವ ಭಕ್ತಿ ತನಗಿಲ್ಲ ಎನ್ನುತ್ತಿದ್ದರು.

"ನಿನ್ನ ದೆಸೆಯಿಂದ ಅಮ್ಮನವರಿಗೆ ನನ್ನ ಮುಖಪರಿಚಯ ಆಯಿತು ನೋಡು," ಎಂದು ಒಂದು ದಿನ ಗೇಟಿನಲ್ಲಿ ಹೇಳಿದರು. ಮೆಲಿಷಾ ಆ ವಾರದಲ್ಲಿ ನಕ್ಕದ್ದು ಅದೊಂದೇ ಸಲ.

ಮೊದಲ ಪುಟಗಳು ನಿಧಾನವಾಗಿ ತಮ್ಮ ಜಾಗಕ್ಕೆ ಬಂದವು. ಕಪ್ಪು ಕೀಗಳ ಮೇಲೆ ಕೈ ನಿಜಕ್ಕೂ ಹಗುರವಾಗುತ್ತಿತ್ತು. ಇಷ್ಟು ತಿಂಗಳು ಬೇರೆಯವರ ಚಪ್ಪಲಿಯಲ್ಲಿ ನಡೆದಿದ್ದೆ ಎಂದು ಅವಳಿಗೆ ಅನಿಸಿತು. ತೊಂದರೆ ಇದ್ದದ್ದು ಕೊನೆಯ ಪುಟದಲ್ಲಿ. ಅಲ್ಲಿ ಎರಡು ಕೈಗಳೂ ಒಂದನ್ನೊಂದು ದಾಟುತ್ತ, ಒಂದರ ಕೆಳಗೆ ಒಂದು ನುಸುಳುತ್ತ ಓಡಬೇಕು. ಅರ್ಧಕ್ಕೆ ಬರುವಾಗ ಬಲಗೈಗೆ ದಾರಿ ತಪ್ಪುತ್ತಿತ್ತು. ತಪ್ಪಿದ ಗಳಿಗೆಯಲ್ಲೇ ಎಡಗೈ ಒಂದು ತುಂಬು ಕಾರ್ಡ್ ಹಿಡಿದು ತಾಳ ನಡೆಸಿಕೊಂಡು ಹೋಗುತ್ತಿತ್ತು, ಎರಡು ಆವರ್ತ ಕಳೆದ ಮೇಲೆ ಬಲಗೈ ಬಂದು ಸೇರಿಕೊಳ್ಳುತ್ತಿತ್ತು. ಎಷ್ಟು ಜಾಣತನದಿಂದ ಎಂದರೆ, ತುಣುಕು ಗೊತ್ತಿಲ್ಲದವರಿಗೆ ಅಲ್ಲೊಂದು ತೂತು ಇದೆ ಎಂದು ತಿಳಿಯುವಂತೆಯೇ ಇರಲಿಲ್ಲ. ಇದನ್ನು ಅವಳು ಬೇಕೆಂದು ಮಾಡುತ್ತಿರಲಿಲ್ಲ. ಕೈ ತಾನಾಗಿ ಮಾಡುತ್ತಿತ್ತು.

ಪ್ರಭಾವತಿ ಐದಾರು ಸಲ ಸುಮ್ಮನೆ ಕೇಳಿದರು. ಏಳನೆಯ ಸಲಕ್ಕೆ ಕನ್ನಡಕ ತೆಗೆದು ಮಡಿಲಲ್ಲಿ ಇಟ್ಟುಕೊಂಡರು.

"ಅಲ್ಲಿ ಮುಚ್ಚಿದಿ."

"ಹೌದು ಮೇಡಂ."

"ಯಾಕೆ?"

"ನಿಲ್ಲಬಾರದು ಅಂತ."

"ಇಲ್ಲಿ ಯಾರೂ ಹಾಡುತ್ತಾ ಇಲ್ಲ, ಮೆಲಿಷಾ. ನೀನು ಯಾರನ್ನು ಕಾಪಾಡುತ್ತಾ ಇದ್ದೀ?"

ಹೊರಗೆ ಯಾರದೋ ಸ್ಕೂಟರು ಏರು ಹತ್ತಲಾರದೆ ಗೊರಗೊರ ಎನ್ನುತ್ತಿತ್ತು. ತಪ್ಪಿದರೆ ತಪ್ಪಲಿ, ಮುಚ್ಚಬೇಡ, ಕೈ ಎತ್ತು, ತೂತು ಎಲ್ಲಿ ಅಂತ ಇಬ್ಬರೂ ನೋಡುವ ಎಂದರು ಪ್ರಭಾವತಿ. ಅಂದು ಅವಳು ಅದೇ ಜಾಗದಲ್ಲಿ ಕೈ ಎತ್ತಿದಳು. ಎತ್ತಿದಾಗ ಬಂದ ಮೌನ ಅವಳಿಗೆ ಬೀದಿಯಲ್ಲಿ ಸೆರಗು ಜಾರಿದಷ್ಟು ನಾಚಿಕೆ ತಂದಿತು. ಮತ್ತೆ ಬಾರಿಸಿದಳು, ಮತ್ತೆ ಎತ್ತಿದಳು.

ಅಷ್ಟರಲ್ಲಿ ಮರಿಯಮ್ಮನವರ ಜನ್ಮದಿನದ, ಹೊಸ ತೆನೆಯ ಮೊಂತಿ ಹಬ್ಬದ ನೊವೆನಾ ಶುರುವಾಯಿತು. ಹಬ್ಬಕ್ಕೆ ಮೊದಲಿನ ಒಂಬತ್ತು ದಿನವೂ ಬೆಳಗ್ಗೆ ಪೂಜೆ; ಮಕ್ಕಳು ಬುಟ್ಟಿಗಳಲ್ಲಿ ದಾಸವಾಳ, ಗೊರಟೆ, ಸಿಕ್ಕಿದ ಕಾಡುಹೂ ತುಂಬಿಕೊಂಡು ಬಂದು ಮರಿಯಮ್ಮನವರ ಮೂರ್ತಿಗೆ ಎರಚುತ್ತಿದ್ದರು. ಕೀಬೋರ್ಡಿಗೆ ಮೆಲಿಷಾ ಬಿಟ್ಟರೆ ಬೇರೆ ಜನ ಇರಲಿಲ್ಲ. ಮೊದಲ ದಿನ ಅವಳು ಬಟನ್ ಒತ್ತಿ ಎಂದಿನಂತೆ ಬಾರಿಸಿದಳು. ಅಂದು ಸಂಜೆ ಮಣಿಪಾಲದಲ್ಲಿ ಅವಳ ಕೈ ಹಳೆಯ ಜಾಗಕ್ಕೆ ಜಾರಿತು, ಒಂದು ವಾರದಲ್ಲಿ ಕಟ್ಟಿದ್ದು ಒಂದು ಗಂಟೆಯಲ್ಲಿ ಬಿಚ್ಚಿಕೊಂಡಿತು. ಎರಡನೆಯ ದಿನ ಅವಳು ಬಟನ್ ಮುಟ್ಟಲಿಲ್ಲ. ಹಾಡುಗಳನ್ನು ಅವುಗಳ ನಿಜವಾದ ಶ್ರುತಿಯಲ್ಲೇ, ಕಪ್ಪು ಕೀಗಳ ನಡುವೆ ತಡಕಾಡುತ್ತ ಬಾರಿಸಿದಳು. ತಪ್ಪಿದಲ್ಲಿ ಮುಚ್ಚಲಿಲ್ಲ, ಕೈ ಎತ್ತಿದಳು. ಕಾಣಿಕೆಯ ಹಾಡಿನ ನಡುವೆ ಕೀಬೋರ್ಡು ಎರಡು ಸಲ ಇದ್ದಕ್ಕಿದ್ದಂತೆ ಇಲ್ಲವಾಯಿತು. ಎರಡನೆಯ ಸಲ ಮುಂದಿನ ಸಾಲಿನ ಮುದುಕಿಯರು ಹಾಡು ಬಿಟ್ಟು ಹಿಂದಿರುಗಿ ನೋಡಿದರು.

ಪೂಜೆ ಮುಗಿದ ಮೇಲೆ ಪಾಸ್ಕಲ್ ವೈರುಗಳನ್ನು ಸುತ್ತುತ್ತ ಅವಳ ಹತ್ತಿರ ಬಂದರು. ಸಿಟ್ಟಾಗುವ ಮನುಷ್ಯ ಅಲ್ಲ.

"ಎಂತ ಬಾಯೆ, ನಮ್ಮನ್ನು ನಡುನೀರಿನಲ್ಲಿ ಬಿಟ್ಟಿ?"

ಅವಳು ಹೇಳಿದಳು. ಬಟನ್ ವಿಷಯ, ಕೊನೆಯ ಪುಟದ ವಿಷಯ, ಮುಚ್ಚುವ ವಿಷಯ. ಪಾಸ್ಕಲ್ ವೈರು ಸುತ್ತುವುದನ್ನು ನಿಲ್ಲಿಸಲಿಲ್ಲ. ಮುಚ್ಚುವುದು ನಾನೇ ಹೇಳಿಕೊಟ್ಟದ್ದಲ್ಲವಾ ಎಂದರು. ಆಮೇಲೆ, ಯಾಕೆ ಹೇಳಿಕೊಟ್ಟೆ ಎಂದು ನಿನಗೆ ಗೊತ್ತಿಲ್ಲ ಎಂದರು.

"ಮರಣದ ಪೂಜೆಗೆ ಬಾರಿಸಿದ್ದೀಯಲ್ಲ. ಎದುರಿಗೆ ಪೆಟ್ಟಿಗೆ ಇರುತ್ತದೆ. ಹಾಡುವವರಲ್ಲಿ ಅರ್ಧ ಜನ ಅಳುತ್ತಾ ಇರುತ್ತಾರೆ. ನಾವು ನಿಂತರೆ ಅವರು ಬೀಳುತ್ತಾರೆ. ಅದಕ್ಕೆ. ನಮ್ಮ ತಪ್ಪು ಮುಚ್ಚಲಿಕ್ಕೆ ಅಲ್ಲ."

ಅವರು ಹೇಳಿದ್ದು ನಿಜವಾಗಿತ್ತು, ಪ್ರಭಾವತಿ ಹೇಳಿದ್ದೂ ನಿಜವಾಗಿತ್ತು. ಎರಡು ನಿಜಗಳ ನಡುವೆ ಅವಳಿಗಿದ್ದದ್ದು ಎರಡೇ ಕೈ. ಪಾಸ್ಕಲ್ ಕೊನೆಗೆ ತಾವೇ ದಾರಿ ಹೇಳಿದರು: ಉಳಿದ ದಿನ ವಾದ್ಯ ಬೇಡ, ಬರೀ ಕಂಠದಲ್ಲಿ ಹಾಡುತ್ತೇವೆ, ಫಾದರಿಗೆ ನಾನು ಹೇಳುತ್ತೇನೆ, ನೀನು ಮಣಿಪಾಲಕ್ಕೆ ಹೋಗು. ಹಾಗೆಂದವರು ಬಾಗಿಲ ತನಕ ಹೋಗಿ ನಿಂತರು.

"ಪಾಸಾಗಿ ಬಾ. ಪಾಸಾದರೆ ಇಲ್ಲಿಗೆ ಬಾರಿಸಲಿಕ್ಕೆ ಯಾರೂ ಇರುವುದಿಲ್ಲ, ಅದೂ ನನಗೆ ಗೊತ್ತುಂಟು."

ಹಬ್ಬದ ಬೆಳಗ್ಗೆ ಮಂಡಳಿ ವಾದ್ಯವಿಲ್ಲದೆ ಹಾಡಿತು. ಮೆಲಿಷಾ ಜನರ ನಡುವೆ ತಾಯಿಯ ಪಕ್ಕದಲ್ಲಿ ನಿಂತಿದ್ದಳು. ಹಾಡು ಸ್ವಲ್ಪ ಎಳೆಯಿತು, ಶ್ರುತಿ ಮೆಲ್ಲಗೆ ಕೆಳಗಿಳಿಯಿತು, ಆದರೂ ಬೀಳಲಿಲ್ಲ. ತಾನಿಲ್ಲದೆಯೂ ಅದು ನಡೆಯುತ್ತದೆ ಎಂಬುದು ಅವಳಿಗೆ ಸಮಾಧಾನವನ್ನೂ ಒಂದು ತೆರನ ಅನಾಥ ಭಾವವನ್ನೂ ತಂದಿತು. ಮನೆಯಲ್ಲಿ ಹೊಸ ಭತ್ತದ ಕಾಳುಗಳನ್ನು ಹಾಲಿನಲ್ಲಿ ಬೆರೆಸಿ ಎಲ್ಲರೂ ಕುಡಿದರು. ಹಬ್ಬದ ವಾಡಿಕೆಯ ಬೆಸ ಸಂಖ್ಯೆಯ ಪಲ್ಯಗಳ ಊಟ ಮುಗಿಯುವ ಮೊದಲೇ ಅವಳು ಎದ್ದು ಬಸ್ಸಿಗೆ ಓಡಿದಳು.

ಕೊನೆಯ ಪುಟ ಪೂರ್ತಿ ಬಂದದ್ದು ಪರೀಕ್ಷೆಗೆ ಎರಡು ದಿನ ಇರುವಾಗ, ಒಂದೇ ಒಂದು ಸಲ. ಪ್ರಭಾವತಿ ಹೊಗಳಲಿಲ್ಲ. ಒಮ್ಮೆ ಬಂದದ್ದು ಕೈಯೊಳಗೆ ಉಂಟು, ಹೊರಗೆ ಬರುವುದು ಅದರ ಇಷ್ಟ ಎಂದಷ್ಟೇ ಹೇಳಿದರು. ಮರುದಿನ ಹತ್ತು ಸಲ ಬಾರಿಸಿದರೂ ಅದು ಹೊರಗೆ ಬರಲಿಲ್ಲ.

ಪಡುಬಿದ್ರಿ, ಬೆಳ್ಮಣ್ಣು, ನಿಟ್ಟೆ ದಾಟಿ ಬಸ್ಸು ಕಾರ್ಕಳ ಮುಟ್ಟುವಾಗ ಬಿಸಿಲು ಬಂಡೆಗಳ ಮೇಲೆ ಬಿಳಿಚಿಕೊಂಡಿತ್ತು. ಸಭಾಂಗಣದಲ್ಲಿ ಪಿಯಾನೋ ಒಂದು ದೋಣಿಯಷ್ಟು ಉದ್ದವಿತ್ತು. ಎದುರಿಗೆ ಮೇಜು ಹಾಕಿಕೊಂಡು ಮೂವರು ಕೂತಿದ್ದರು. ನಡುವೆ ಇದ್ದವರು ಚೈತಾಲಿ, ಶಾಲೆಯ ಪಿಯಾನೋ ವಿಭಾಗದ ಮುಖ್ಯಸ್ಥೆ, ಬೆಂಗಳೂರಿನಲ್ಲಿ ಬೆಳೆದವರು. ಹೆಸರು ಊರು ಕೇಳಿ, ಯಾವಾಗ ಬೇಕಾದರೂ ಶುರು ಮಾಡಿ ಎಂದರು.

ಮೆಲಿಷಾ ಶುರು ಮಾಡಿದಳು. ಮೊದಲ ಪುಟ ತಾನಾಗಿ ನಡೆಯಿತು. ಎರಡನೆಯದರಲ್ಲಿ ಆ ಪಿಯಾನೋದ ಮಂದ್ರ ಸ್ವರಗಳು ಕಾಲಡಿಯ ಹಲಗೆಯ ಮೂಲಕ ಅವಳ ಮೈಗೆ ಏರಿದವು. ಇಂಥ ದನಿ ತನ್ನ ಕೈಯಿಂದ ಹೊರಟದ್ದನ್ನು ಅವಳು ಎಂದೂ ಕೇಳಿರಲಿಲ್ಲ. ಇದರ ಹತ್ತಿರ ದಿನವೂ ಕೂರಬೇಕು, ಬೇರೆ ಏನೂ ಬೇಡ ಎಂಬ ಆಸೆ ಎಷ್ಟು ಬಲವಾಗಿ ಬಂತೆಂದರೆ ಅವಳಿಗೆ ಭಯವಾಯಿತು. ಕೊನೆಯ ಪುಟ ಬಂತು. ಕೈಗಳು ದಾಟಿದವು, ನುಸುಳಿದವು, ಮತ್ತೆ ದಾಟಿದವು. ಅರ್ಧದಲ್ಲಿ ಬಲಗೈಗೆ ದಾರಿ ತಪ್ಪಿತು.

ಎಡಗೈ ತಯಾರಾಗಿತ್ತು. ಕಾರ್ಡ್ ಬೆರಳುಗಳ ಕೆಳಗೇ ಇತ್ತು. ಒತ್ತಿದರೆ ಸಾಕು, ದಾಟಿಹೋಗುತ್ತಿತ್ತು.

ಅವಳು ಎರಡೂ ಕೈ ಎತ್ತಿದಳು.

ಸಭಾಂಗಣದಲ್ಲಿ ಫ್ಯಾನಿನ ಸದ್ದು ಮಾತ್ರ ಉಳಿಯಿತು. ಮೇಜಿನ ತುದಿಯಲ್ಲಿದ್ದವರು ಪೆನ್ನಿಗೆ ಮುಚ್ಚಳ ಹಾಕಿದರು. ಚೈತಾಲಿ ಪಕ್ಕದವರ ಕಡೆ ಬಾಗಿ ಸ್ವಲ್ಪ ಹೊತ್ತು ಮೆಲ್ಲಗೆ ಮಾತಾಡಿ ಅವಳತ್ತ ತಿರುಗಿದರು. ಅವರ ದನಿಯಲ್ಲಿ ಕರುಣೆ ಇತ್ತು, ಸುಳ್ಳು ಇರಲಿಲ್ಲ.

"ಮೆಲಿಷಾ, ನಿಮ್ಮ ಕಿವಿ ಅಪರೂಪದ್ದು. ಹಾಡುವವರ ಜೊತೆಗೆ ತುಂಬ ವರ್ಷ ನುಡಿಸಿದ್ದೀರಿ, ಅದು ಕೇಳಿಸುತ್ತದೆ. ನಮ್ಮಲ್ಲಿ ಗಾಯಕರಿಗೆ ಪಕ್ಕವಾದ್ಯ ನುಡಿಸುವವರ ವಿಭಾಗ ಅಂತ ಬೇರೆ ಇದೆ. ಅದರಲ್ಲಿ ಒಂದು ಸೀಟು ನಿಮಗೆ ಈಗಲೇ ಕೊಡಬಹುದು. ಅದಕ್ಕೆ ಈ ಪುಟ ಬೇಕಾಗಿಲ್ಲ. ಪಿಯಾನೋ ವಿಭಾಗವೇ ಬೇಕು ಅಂದರೆ ಈ ಪುಟವನ್ನು ಇನ್ನೊಂದು ಸಲ ಕೇಳುತ್ತೇವೆ, ಒಂದೇ ಸಲ. ಆಗಲೂ ಬರದಿದ್ದರೆ ಎರಡೂ ಇಲ್ಲ. ಯೋಚನೆ ಮಾಡಿ. ನಾನು ನಿಮ್ಮ ಜಾಗದಲ್ಲಿದ್ದರೆ ಸೀಟು ತಗೊಳ್ಳುತ್ತಿದ್ದೆ."

ಚೆನ್ನೈ, ಹಾಸ್ಟೆಲ್ಲು, ಕೋಣೆಗೊಂದು ಪಿಯಾನೋ. ಪಕ್ಕದಲ್ಲಿ ಯಾವಾಗಲೂ ಯಾರಾದರೂ ಹಾಡುತ್ತಿರುತ್ತಾರೆ, ಅವರು ಬೀಳದ ಹಾಗೆ ಅವಳು ಹಿಡಿದುಕೊಂಡಿರುತ್ತಾಳೆ. ಅದನ್ನು ಅವಳು ಚೆನ್ನಾಗಿ ಮಾಡುತ್ತಾಳೆ, ಜೀವಮಾನವಿಡೀ ಮಾಡಬಲ್ಲಳು. ಕೊನೆಯ ಪುಟ ಶುರುವಾಗುವ ಕೀಗಳ ಮೇಲೆ ಅವಳು ಮತ್ತೆ ಎರಡೂ ಕೈ ಇಟ್ಟಳು.

"ಬೇಡ ಮೇಡಂ," ಎಂದಳು ಮೆಲಿಷಾ. "ಆ ಸೀಟು ನನಗೆ ಬೇಡ."